ಮೇಣದ ದೇವರು, ಅರಗಿನ ದೇವರು

ಮಾನಸೋಲ್ಲಾಸವನ್ನು ಕನ್ನಡಿಗರು ನೆನೆಯುವುದು ಬಹುಮಟ್ಟಿಗೆ ಇಡ್ಲಿಗಾಗಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ರಚಿಸಿದ ಈ ಸಂಸ್ಕೃತ ಗ್ರಂಥದ ಊಟದ ಅಧ್ಯಾಯದಲ್ಲಿ ‘ಇಡ್ಡರಿಕಾ’ ಎಂಬ ತಿನಿಸಿನ ಹೆಸರು ಬರುತ್ತದೆ. ಆಹಾರದ ಚರಿತ್ರೆ ಬರೆಯುವವರು ಅದನ್ನು ಉಲ್ಲೇಖಿಸಿ ಮುಂದೆ ಹೋಗುತ್ತಾರೆ. ಸಂಗೀತದವರು ಸಂಗೀತದ ಭಾಗಕ್ಕೆ, ಚಿತ್ರಕಲೆಯವರು ಚಿತ್ರಕಲೆಯ ಭಾಗಕ್ಕೆ ಬಂದು ಹೋಗುತ್ತಾರೆ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ಆನೆ, ಕುದುರೆ, ಕೋಳಿಜಗಳ, ಕುಸ್ತಿ, ರತ್ನಪರೀಕ್ಷೆ, ಏನುಂಟು ಏನಿಲ್ಲ. ಇಂಥ ಪುಸ್ತಕವನ್ನು ಯಾರೂ ಪೂರ್ತಿ ಓದುವುದಿಲ್ಲ, ಬೇಕಾದ್ದನ್ನು ಹೆಕ್ಕಿಕೊಳ್ಳುತ್ತಾರೆ. ನಾನು ಹೆಕ್ಕಿಕೊಂಡಿರುವುದು ಮೊದಲ ವಿಂಶತಿಯ ಸುಮಾರು ಇಪ್ಪತ್ತು ಶ್ಲೋಕಗಳನ್ನು. ಮೇಣದ ಮೂರ್ತಿಯಿಂದ ಲೋಹದ ದೇವರನ್ನು ಎರಕ ಹೊಯ್ಯುವುದು ಹೇಗೆಂದು ಹೇಳುವ ಶ್ಲೋಕಗಳು ಅವು.

ಅವನ್ನು ಬಸವಣ್ಣನವರ ಒಂದು ವಚನದ ಪಕ್ಕದಲ್ಲಿಟ್ಟು ಓದಬೇಕೆಂಬುದು ನನ್ನ ಮಾತು. ಅರಗಿನ ದೇವರನ್ನು ಕುರಿತ ಆ ವಚನ ಶಾಲೆ ಕಲಿತವರೆಲ್ಲರಿಗೂ ಗೊತ್ತು. ಅರಗನ್ನು ಒಳಗಿಟ್ಟುಕೊಂಡು ಕರಗುವ, ಬೆಂಕಿಗೆ ಮುದುಡುವ, ಕಷ್ಟ ಬಂದಾಗ ಮಾರಾಟಕ್ಕೆ ಹೋಗುವ, ಭಯ ಬಂದಾಗ ನೆಲದೊಳಗೆ ಸೇರುವ ದೇವರನ್ನು ನಿಜವಾದ ದೇವರೆಂದು ಹೇಗೆ ಒಪ್ಪುವುದು ಎಂಬುದು ಅದರ ಪ್ರಶ್ನೆ. ಸೋಮೇಶ್ವರ ತೀರಿಕೊಂಡದ್ದು 1138ರಲ್ಲಿ. ಬಿಜ್ಜಳ ಕಲ್ಯಾಣವನ್ನು ಕೈಗೆ ತೆಗೆದುಕೊಂಡದ್ದು ಅದಾಗಿ ಸುಮಾರು ಎರಡು ದಶಕದ ಮೇಲೆ. ಲೋಹದ ದೇವರನ್ನು ಮಾಡುವ ಬಗೆಯನ್ನು ಹೇಳಿದ ಪಠ್ಯ, ಲೋಹದ ದೇವರನ್ನು ಒಲ್ಲೆನೆಂದ ಪಠ್ಯ, ಎರಡೂ ಒಂದೇ ಊರಿನ ಸುತ್ತ ಒಂದು ತಲೆಮಾರಿನ ಅಂತರದಲ್ಲಿ ಹುಟ್ಟಿದವು. ಆದರೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಒಂದು ಸಂಸ್ಕೃತ ವಿಭಾಗದ ಕಪಾಟಿನಲ್ಲಿದೆ, ಇನ್ನೊಂದು ಕನ್ನಡ ವಿಭಾಗದ ಕಪಾಟಿನಲ್ಲಿದೆ. ಎರಡರ ನಡುವೆ ಇರುವುದು ಒಂದು ಓಣಿ ಮಾತ್ರ, ದಾಟುವವರು ಕಡಿಮೆ.

ತರಗತಿಯಲ್ಲಿ ಈ ವಚನಕ್ಕೆ ಸಿಗುವ ವಿವರಣೆ ಸಾಮಾನ್ಯವಾಗಿ ಒಂದೇ ಸಾಲಿನದು: ವಿಗ್ರಹಾರಾಧನೆಯ ಖಂಡನೆ. ಪರೀಕ್ಷೆಗೆ ಅಷ್ಟು ಸಾಕು. ನನಗೆ ತಕರಾರಿರುವುದು ಆ ಸಾಲು ಸುಳ್ಳು ಎಂದಲ್ಲ, ಅದು ವಚನದ ಎಲ್ಲ ಪದಗಳನ್ನೂ ಬಿಟ್ಟು ನಿಂತಿದೆ ಎಂದು. ಅರಗು ಯಾಕೆ? ಕಲ್ಲಿನ ದೇವರು ಕರಗುವುದಿಲ್ಲ, ಮರದ ದೇವರು ಸುಡುತ್ತದೆ, ಮುದುಡುವುದಿಲ್ಲ. ಹಾಗಾದರೆ ವಚನ ನೋಡುತ್ತಿರುವುದು ಯಾವ ದೇವರನ್ನು? ಈ ಪ್ರಶ್ನೆಗೆ ಉತ್ತರ ಕುಲುಮೆಯಲ್ಲಿದೆ. ಮೊದಲು ಅರಮನೆಯ ಕುಲುಮೆಗೆ ಹೋಗೋಣ.

ಶ್ಲೋಕಗಳು ಹೇಳುವ ಕೆಲಸದ ಕ್ರಮ ಹೀಗಿದೆ. ನವತಾಲದ ಅಳತೆಯಲ್ಲಿ, ಅಂದರೆ ಮುಖದ ಉದ್ದದ ಒಂಬತ್ತು ಪಟ್ಟು ಎತ್ತರಕ್ಕೆ, ಮೇಣದಲ್ಲಿ ಮೂರ್ತಿ ಮಾಡಬೇಕು. ಅದರ ಬೆನ್ನಿಗೆ, ಹೆಗಲಿಗೆ, ಕೊರಳಿಗೆ ಅಥವಾ ಕಿರೀಟಕ್ಕೆ ಉಮ್ಮತ್ತಿ ಹೂವಿನ ಆಕಾರದ ನಾಳಗಳನ್ನು ಹಚ್ಚಬೇಕು. ಉಮ್ಮತ್ತಿಗೆ ನಮ್ಮ ಕಡೆ ಮದಗುಣಕಿ ಅನ್ನುತ್ತಾರೆ. ಅದರ ಹೂವನ್ನು ಕಂಡವರಿಗೆ ಈ ಉಪಮೆ ಉಪಮೆಯಲ್ಲ, ನಕ್ಷೆ ಎಂದು ತಿಳಿಯುತ್ತದೆ. ಬಾಯಿ ಅಗಲ, ಬುಡ ಸಣ್ಣ. ಕಾದ ಲೋಹವನ್ನು ಹೊಯ್ಯುವುದಕ್ಕೆ ಆಲಿಕೆ ಇರಬೇಕಾದ ಆಕಾರವೇ ಅದು. ಆಮೇಲೆ ಮಣ್ಣು. ಹೊಟ್ಟು ಸುಟ್ಟ ಕರಿ, ನೂರು ಸಲ ಕತ್ತರಿಸಿದ ಹತ್ತಿ, ಒಂದಿಷ್ಟು ಉಪ್ಪು ಬೆರೆಸಿ ಕಲ್ಲಿನ ಮೇಲೆ ನುಣ್ಣಗೆ ಅರೆದ ಮಣ್ಣನ್ನು ಮೂರು ಪದರದಲ್ಲಿ ಬಳಿಯಬೇಕು. ಮೊದಲ ಪದರ ಮೇಣ ಕಾಣುವಷ್ಟು ತೆಳುವಾಗಿರಬೇಕು, ನೆರಳಲ್ಲಿ ಒಣಗಬೇಕು. ಎರಡು ದಿನದ ಮೇಲೆ ಎರಡನೆಯದು. ಅದು ಒಣಗಿದ ಮೇಲೆ ದಪ್ಪನೆಯ ಮೂರನೆಯದು. ನಾಳಗಳ ಬಾಯಿ ಮಾತ್ರ ತೆರೆದಿರಬೇಕು.

ಇಲ್ಲಿ ಪ್ರತಿ ವಸ್ತುವಿಗೂ ಕಾರಣವಿದೆ, ಆದರೆ ಶ್ಲೋಕ ಯಾವ ಕಾರಣವನ್ನೂ ಹೇಳುವುದಿಲ್ಲ. ಕರಿ ಮತ್ತು ಹತ್ತಿ ಮಣ್ಣಿನೊಳಗೆ ಸಣ್ಣ ಸಣ್ಣ ತೂತುಗಳನ್ನು ಉಳಿಸುತ್ತವೆ, ಲೋಹ ನುಗ್ಗಿದಾಗ ಒಳಗಿನ ಗಾಳಿ ಅವುಗಳ ಮೂಲಕ ತಪ್ಪಿಸಿಕೊಳ್ಳುತ್ತದೆ. ಹತ್ತಿಯ ಎಳೆ ಒಣಗುವ ಮಣ್ಣನ್ನು ಸೀಳದಂತೆ ಹಿಡಿಯುತ್ತದೆ. ತೆಳುವಾದ ಮೊದಲ ಪದರ ಬೆರಳ ಉಗುರು, ಕಣ್ಣಿನ ರೆಪ್ಪೆ, ಹಾರದ ಎಳೆಗಳ ಅಚ್ಚು ತೆಗೆದುಕೊಳ್ಳುತ್ತದೆ. ದಪ್ಪ ಪದರ ಲೋಹದ ಭಾರ ತಡೆಯುತ್ತದೆ. ನಮ್ಮ ಬಿಸಿಲಿನಲ್ಲಿ ಮೇಣವನ್ನು ಹೊರಗಿಟ್ಟರೆ ಏನಾಗುತ್ತದೆಂದು ರಾಯಚೂರಿನವರಿಗೆ ಹೇಳಬೇಕಾಗಿಲ್ಲ, ಹಾಗಾಗಿ ನೆರಳು.

ಮುಂದಿನದು ಬೆಂಕಿಯ ಕೆಲಸ. ಮಣ್ಣಿನ ಕವಚವನ್ನು ಕಾಯಿಸಿ ಮೇಣವನ್ನೆಲ್ಲ ಇಳಿಸುವುದು, ತೆಂಗಿನಕಾಯಿಯ ಆಕಾರದ ಮೂಸೆಯಲ್ಲಿ ಲೋಹ ಕರಗಿಸುವುದು, ಇಕ್ಕಳದಲ್ಲಿ ಹಿಡಿದು ಎಡೆಬಿಡದ ಧಾರೆಯಾಗಿ ನಾಳದ ಬಾಯಿ ತುಂಬುವವರೆಗೆ ಹೊಯ್ಯುವುದು, ತಾನಾಗಿ ಆರಲು ಬಿಡುವುದು, ಮಣ್ಣು ಒಡೆಯುವುದು, ನಾಳಗಳನ್ನು ಕಡಿದು ನಯಗೊಳಿಸುವುದು. ಒಂದು ಕವಚದಿಂದ ಒಂದೇ ಮೂರ್ತಿ. ಬೀದರ್ ಎಂದಕೂಡಲೇ ನೆನಪಾಗುವ ಬಿದರಿಯ ಎರಕ ಇದಲ್ಲ. ಅಲ್ಲಿ ಸತುವೇ ಹೆಚ್ಚಿರುವ ಲೋಹವನ್ನು ಮಣ್ಣಿನ ಅಚ್ಚಿಗೆ ಹೊಯ್ದು, ಮೇಲೆ ಕೊರೆದು, ಬೆಳ್ಳಿ ಕೂರಿಸುತ್ತಾರೆ. ಮೇಣ ಕರಗಿಸಿ ಹೊಯ್ಯುವ ಕೆಲಸವನ್ನು ಇಂದಿಗೂ ನೋಡಬೇಕೆಂದರೆ ತಮಿಳುನಾಡಿನ ಸ್ವಾಮಿಮಲೈಗೆ ಹೋಗಬೇಕು.

ಶ್ಲೋಕಗಳಲ್ಲಿ ನನಗೆ ತುಂಬ ಇಷ್ಟವಾದದ್ದು ತೂಕದ ಲೆಕ್ಕ. ಮೇಣದ ಮೂರ್ತಿಯನ್ನು ಮಣ್ಣಿಗೆ ಹಾಕುವ ಮೊದಲೇ ತೂಗಿಡಬೇಕು. ಹಿತ್ತಾಳೆ ಅಥವಾ ತಾಮ್ರವಾದರೆ ಮೇಣದ ಇಷ್ಟು ಪಟ್ಟು, ಬೆಳ್ಳಿಯಾದರೆ 12 ಪಟ್ಟು, ಚಿನ್ನವಾದರೆ 16 ಪಟ್ಟು ಲೋಹ ಬೇಕು. ತಾಮ್ರದ ಅಂಕಿಯನ್ನು 8 ಎಂದು ಓದಿದವರಿದ್ದಾರೆ, 10 ಎಂದು ಓದಿದವರೂ ಇದ್ದಾರೆ. ಸಾಹಿತ್ಯದ ವಿದ್ಯಾರ್ಥಿಗೆ ಇದು ಪಾಠಾಂತರದ ಪ್ರಶ್ನೆ. ಎರಕದವನಿಗೆ ದೇವರಿಗೆ ಪಾದ ಮೂಡುತ್ತದೋ ಇಲ್ಲವೋ ಎಂಬ ಪ್ರಶ್ನೆ. ಜೇನುಮೇಣದ ಸಾಂದ್ರತೆ ಸುಮಾರು 0.96, ತಾಮ್ರದ್ದು 8.96, ಬೆಳ್ಳಿಯದು 10.5, ಚಿನ್ನದ್ದು 19.3. ಭಾಗಿಸಿ ನೋಡಿದರೆ ತಾಮ್ರಕ್ಕೆ 9.3 ಪಟ್ಟು, ಬೆಳ್ಳಿಗೆ 11 ಪಟ್ಟು ಬೇಕು. ಬೆಳ್ಳಿಯ 12 ಸರಿ, ಸ್ವಲ್ಪ ಕೈಮೀರಿ ಇಟ್ಟ ಲೆಕ್ಕ. ತಾಮ್ರಕ್ಕೆ 10 ಇಟ್ಟರೂ ಹಾಗೆಯೇ. 8 ಇಟ್ಟರೆ ಲೋಹ ನಡುವೆ ಮುಗಿಯುತ್ತದೆ. ಆದರೆ 8, 12, 16 ಎಂದು ಬರೆದರೆ ನಾಲ್ಕು ನಾಲ್ಕಾಗಿ ಏರುವ ಚೆಂದದ ಸರಣಿ ಸಿಗುತ್ತದೆ, ನೆನಪಿಡುವುದಕ್ಕೂ ಸುಲಭ. ಮೂಸೆಯ ಮುಂದೆ ಕೂತವನು ಹತ್ತನ್ನೇ ಆರಿಸುತ್ತಾನೆ, ಶ್ಲೋಕದ ಮುಂದೆ ಕೂತವನ ಮನಸ್ಸು ಎಂಟರ ಕಡೆ ಎಳೆಯುತ್ತದೆ. ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಛಂದಸ್ಸು, ವ್ಯಾಕರಣ, ಪ್ರತಿಗಳ ವಂಶವೃಕ್ಷ ಇವನ್ನೆಲ್ಲ ಸಾಕ್ಷಿಗೆ ಕರೆಯುತ್ತೇವೆ. ತಕ್ಕಡಿಯನ್ನು ಕರೆದದ್ದು ನಾನು ಕಂಡಿಲ್ಲ. ಚಿನ್ನದ 16 ಇನ್ನೂ ಸ್ವಾರಸ್ಯ: ಅಪ್ಪಟ ಚಿನ್ನಕ್ಕೆ 20 ಪಟ್ಟು ಬೇಕಾಗುತ್ತದೆ. ಮುಕ್ಕಾಲು ಪಾಲು ಚಿನ್ನ, ಕಾಲು ಪಾಲು ತಾಮ್ರ-ಬೆಳ್ಳಿ ಬೆರೆಸಿದರೆ 16 ಹೆಚ್ಚುಕಡಿಮೆ ಕೂಡಿ ಬರುತ್ತದೆ. ಸರ್ವಜ್ಞ ಭೂಪನೆಂದು ಬಿರುದಿದ್ದ ದೊರೆ ತನ್ನ ದೇವರಿಗೆ ಹದಿನೆಂಟು ಕ್ಯಾರೆಟ್ಟಿನ ಚಿನ್ನ ಗೊತ್ತುಮಾಡಿದ್ದ ಎಂದು ಇದರಿಂದ ಸಾಧಿಸಲು ನಾನು ಹೊರಟಿಲ್ಲ. ಆದರೆ ಅಂಕಿ ಹಾಗೆ ಕೂಡುತ್ತದೆ.

ಈಗ ವಚನಕ್ಕೆ ಬರೋಣ. ಮೇಲಿನ ಇಡೀ ಕೆಲಸದಲ್ಲಿ ಅರಗು ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಕರಗುವ ವಸ್ತು ಮೇಣ. ಅದು ಲೋಹ ಒಳಗೆ ಬರುವ ಮೊದಲೇ ಹೊರಗೆ ಹೋಗಿರುತ್ತದೆ. ಎರಕದ ದೇವರ ಒಳಗೆ ಕರಗುವಂಥದ್ದು ಏನೂ ಉಳಿದಿರುವುದಿಲ್ಲ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು, ಕಂಚಿಗೆ ಅದಕ್ಕಿಂತ ಕಡಿಮೆ ಸಾಕಾದರೂ ಅಡುಗೆಮನೆಯ ಒಲೆಗೆ ಅದು ಸಗ್ಗುವುದಿಲ್ಲ. ಅರಗು ಎಪ್ಪತ್ತು ಎಂಬತ್ತು ಡಿಗ್ರಿಗೇ ಮೆತ್ತಗಾಗುತ್ತದೆ. ಮೇಣ, ಅರಗು ಎರಡೂ ಕರಗುತ್ತವೆ, ಎರಡೂ ಹುಳುಗಳಿಂದ ಬರುತ್ತವೆ ಎಂದು ಅವನ್ನು ಒಂದೇ ಮಾಡಬಾರದು. ಕನ್ನಡ ಎಂದೂ ಮಾಡಿಲ್ಲ. ಮಹಾಭಾರತದ ಮನೆ ಅರಗಿನ ಮನೆಯೇ ಹೊರತು ಮೇಣದ ಮನೆಯಲ್ಲ. ಎ. ಕೆ. ರಾಮಾನುಜನ್ ಇಂಗ್ಲಿಷಿಗೆ ತಂದಾಗಲೂ ಅರಗನ್ನು ಅರಗಾಗಿಯೇ ಉಳಿಸಿಕೊಂಡರು, ಮೇಣ ಮಾಡಲಿಲ್ಲ.

ಅರಗು ಬರುವುದು ಇನ್ನೊಂದು ಬಗೆಯ ದೇವರಲ್ಲಿ. ಬೆಳ್ಳಿ ಅಥವಾ ಚಿನ್ನದ ತೆಳು ತಗಡನ್ನು ಹಿಂದಿನಿಂದ ತಟ್ಟಿ ಮುಖ ಎಬ್ಬಿಸುತ್ತಾರೆ. ಹಾಗೆ ಎಬ್ಬಿಸಿದ ಮುಖ ಪೊಳ್ಳು. ಅದು ನಿಲ್ಲಬೇಕೆಂದರೆ ಒಳಗೆ ಅರಗು ತುಂಬಬೇಕು. ನಮ್ಮ ಭಾಗದ ಮನೆಗಳ ಜಗುಲಿಯ ಮೇಲೆ, ಬಾಗಲವಾಡದಂಥ ಊರುಗಳಲ್ಲೂ, ಇಂಥ ತಗಡಿನ ದೇವರು ಸಿಗುತ್ತವೆ. ಮಾನವಿಯಲ್ಲಿ ಪತ್ತಾರರೊಬ್ಬರನ್ನು ಇದರ ಬಗ್ಗೆ ಕೇಳಿದೆ. “ತಮ್ಮಾ, ಒಳಗ ಅರಗು ತುಂಬಲಿಲ್ಲಂದ್ರ ಹೆಬ್ಬಟ್ಟಲೆ ಒತ್ತಿದ್ರೂ ತಗ್ಗು ಬೀಳ್ತದ. ಮುಖ ಹಿಡಕೊಂಡು ನಿಂತಿದ್ದೇ ಅರಗು. ಒಲಿ ಬಾಜೂಕ ಇಟ್ಟಿ ಅಂದ್ರ ಮುಗೀತು ನೋಡು” ಎಂದರು. ಅವರು ವಚನದ ಬಗ್ಗೆ ಮಾತಾಡುತ್ತಿರಲಿಲ್ಲ, ಕೆಲಸದ ಬಗ್ಗೆ ಮಾತಾಡುತ್ತಿದ್ದರು. ಆದರೆ ಕರಗುವುದು, ಮುದುಡುವುದು ಎರಡೂ ಅದರಲ್ಲಿದ್ದವು, ಅದೇ ಕ್ರಮದಲ್ಲಿ: ಮೊದಲು ಅರಗು ಇಳಿಯುತ್ತದೆ, ಆಮೇಲೆ ಆಸರೆ ಕಳೆದುಕೊಂಡ ತಗಡು ಮುದುಡುತ್ತದೆ. ವಚನ ಎರಡನ್ನೂ ಬೇರೆ ಬೇರೆಯಾಗಿ ಹೇಳಿದ್ದು ಅಲಂಕಾರಕ್ಕಲ್ಲ. ಒಂದು ಒಳಗಿನ ಸಂಗತಿ, ಒಂದು ಹೊರಗಿನದು.

ಹೀಗೆ ಓದಿದಾಗ ‘ತಿಂದು’ ಎಂಬ ಕ್ರಿಯಾಪದಕ್ಕೂ ಹೊಸ ಕಸುವು ಬರುತ್ತದೆ. ನೈವೇದ್ಯ ಇಡುತ್ತೇವೆ, ದೇವರು ತಿನ್ನುವುದಿಲ್ಲ. ಅವನು ನಿಜವಾಗಿ ತಿಂದಿರುವುದು ಪತ್ತಾರ ಉಣಿಸಿದ ಅರಗನ್ನು. ಖಂಡನೆ ಎಂಬ ಪದಕ್ಕೆ ಈ ನಗು ಸಿಗುವುದಿಲ್ಲ.

ಇದರಿಂದ ಎರಕದ ದೇವರು ವಚನದಿಂದ ಪಾರಾದನೆಂದು ಯಾರಾದರೂ ವಾದಿಸಬಹುದು. ಅರ್ಧ ಪಾರಾಗುತ್ತಾನೆ. ಕರಗುವುದು, ಮುದುಡುವುದು ಅವನಿಗೆ ತಾಗುವುದಿಲ್ಲ. ಮಾರುವುದು, ಹೂಳುವುದು ತಾಗುತ್ತವೆ. ಮೇಣದ 16 ಪಟ್ಟು ತೂಕದ ಚಿನ್ನ ದೇವರಾಗುವ ಮೊದಲೂ ಚಿನ್ನ, ಆದ ಮೇಲೂ ಚಿನ್ನ. ಮಾನಸೋಲ್ಲಾಸದ ಎರಡನೆಯ ವಿಂಶತಿಯಲ್ಲಿ ಬೊಕ್ಕಸದ ವಿಚಾರವೂ ಇದೆ ಎಂಬುದು ಇಲ್ಲಿ ನೆನಪಾಗದೆ ಇರದು. ಹೂಳುವುದಂತೂ ಚರಿತ್ರೆಯೇ. ತಂಜಾವೂರಿನ ಕಲಾಶಾಲೆಯಲ್ಲಿ ಜನ ನಿಂತು ನೋಡುವ ತಿರುವೆಂಕಾಡಿನ ವೃಷಭವಾಹನ, 1011ರ ಚೋಳ ಕಂಚು, ನೆಲ ಅಗೆದಾಗ ಸಿಕ್ಕಿದ್ದು. ಹೂತವರ ಭಯದಿಂದಾಗಿ ಉಳಿದ ಕಂಚುಗಳು ದಕ್ಷಿಣದಲ್ಲಿ ಬಹಳ. ಹೂಳದೆ ಬಿಟ್ಟವು ಎಷ್ಟೋ ಸಲ ಮೂಸೆಗೇ ಹೋದವು. ವಚನ ಆಕ್ಷೇಪಣೆಯಾಗಿ ಹೇಳಿದ್ದನ್ನು ವಸ್ತುಸಂಗ್ರಹಾಲಯಗಳು ಉಪಕಾರವಾಗಿ ಪಡೆದಿವೆ. ನಾಲ್ಕು ಪ್ರಶ್ನೆಗಳಲ್ಲಿ ಮೊದಲ ಎರಡು ತಗಡಿನ ದೇವರಿಗೆ, ಕೊನೆಯ ಎರಡು ಬೆಲೆಯುಳ್ಳ ಎಲ್ಲ ಲೋಹದ ದೇವರಿಗೆ. ವಚನ ಮನೆಯ ಜಗುಲಿಯಿಂದ ಹೊರಟು ಅರಮನೆಯ ಗುಡಿಯವರೆಗೆ ಹೋಗುತ್ತದೆ. ಒಂದೇ ಸಾಲಿನ ವಿವರಣೆ ಈ ನಡಿಗೆಯನ್ನು ಅಳಿಸಿಬಿಡುತ್ತದೆ.

ಇನ್ನೊಂದು ಕಡೆಯೂ ಈ ಎರಡು ಪಠ್ಯಗಳು ಎದುರುಬದುರಾಗುತ್ತವೆ. ಶಿಲ್ಪಶಾಸ್ತ್ರಗಳಲ್ಲಿ ಈ ವಿದ್ಯೆಗೆ ಮಧೂಚ್ಛಿಷ್ಟ ವಿಧಾನವೆಂದು ಹೆಸರು. ಮಾನಸಾರದಲ್ಲಿ ಆ ಹೆಸರಿನ ಅಧ್ಯಾಯವೇ ಇದೆ. ಮಧು ಎಂದರೆ ಜೇನು, ಉಚ್ಛಿಷ್ಟ ಎಂದರೆ ಎಂಜಲು. ಮೇಣ ಜೇನಿನ ಎಂಜಲು. ಮಡಿಯ ವಿಚಾರದಲ್ಲಿ ಅಷ್ಟು ಕಟ್ಟುನಿಟ್ಟಾದ ಪರಂಪರೆ ದೇವರ ಮೊದಲ ಶರೀರವನ್ನು ಎಂಜಲಿನಿಂದ ಮಾಡಿ, ಆ ಹೆಸರನ್ನೂ ಮುಚ್ಚಿಡಲಿಲ್ಲ. ಹಾಲು, ನೀರು, ಹೂವು ಎಲ್ಲವೂ ಇನ್ನೊಂದು ಜೀವ ಮೊದಲೇ ಬಾಯಿ ಹಾಕಿದ್ದೇ ಎನ್ನುವ ವಚನವನ್ನು ಬಲ್ಲವರಿಗೆ ಶಾಸ್ತ್ರದ ಈ ಪದ ಸಣ್ಣ ಬೆರಗು ಕೊಟ್ಟೀತು. ವಚನ ವಾದವಾಗಿ ಹೇಳಿದ್ದನ್ನು ಶಾಸ್ತ್ರ ವಸ್ತುವಿನ ಹೆಸರಾಗಿ ಮಾತ್ರ ಇಟ್ಟುಕೊಂಡಿದೆ, ಯೋಚಿಸಿಲ್ಲ.

ಯೋಚಿಸದೆ ಬಿಟ್ಟದ್ದು ಇನ್ನೊಂದಿದೆ: ಕೆಲಸ ಮಾಡುವವನು. ಶ್ಲೋಕಗಳ ಕ್ರಿಯಾಪದಗಳೆಲ್ಲ ವಿಧಿರೂಪದವು. ಮಾಡಬೇಕು, ಬಳಿಯಬೇಕು, ಕಾಯಿಸಬೇಕು. ಯಾರು ಎಂಬುದಿಲ್ಲ. ಈ ಭಾಗ ಬರುವುದೇ ರಾಜನ ದೇವತಾಭಕ್ತಿಯ ಪ್ರಸಂಗದಲ್ಲಿ, ಹಾಗಾಗಿ ವ್ಯಾಕರಣದ ಕರ್ತೃಸ್ಥಾನದಲ್ಲಿ ರಾಜನೇ ಕೂತಂತೆ ಕಾಣುತ್ತದೆ. ಮೂಸೆ ಹಿಡಿದ ಕೈ ಕಂಚುಗಾರನದು. ಹತ್ತಿಯನ್ನು ನೂರು ಸಲ ಕತ್ತರಿಸಬೇಕೆಂಬುದು ಕೈಯಿಂದ ಕಲಿತ ಮಾತು, ಓಲಗದಲ್ಲಿ ಕೂತು ಹೊಳೆಯುವುದಲ್ಲ. ಯಾರೋ ಹೇಳಿದ್ದಾರೆ, ಆಸ್ಥಾನದವರು ಕೇಳಿ ಶ್ಲೋಕ ಮಾಡಿದ್ದಾರೆ. ಇದು ನನ್ನ ಊಹೆ, ಆದರೆ ಬೇರೆ ದಾರಿ ನನಗೆ ತೋರುವುದಿಲ್ಲ. ಸೋಮೇಶ್ವರನಿಗಿಂತ ನೂರು ವರ್ಷ ಮೊದಲೇ, ಅದೇ ಚಾಲುಕ್ಯರ ಆಶ್ರಯದಲ್ಲಿ, ಚಾವುಂಡರಾಯ ಲೋಕೋಪಕಾರವನ್ನು ಕನ್ನಡದಲ್ಲಿ ಬರೆದಿದ್ದ. ಮನೆ ಕಟ್ಟುವುದು, ನೀರಿನ ಸೆಲೆ ಹುಡುಕುವುದು, ಅಡುಗೆ ಇವೆಲ್ಲ ಕನ್ನಡದಲ್ಲಿ ಬರಬಹುದೆಂದು ಅದು ತೋರಿಸಿತ್ತು. ಎರಕದ ಕೆಲಸಗಾರರ ಮಾತು ಕನ್ನಡದಲ್ಲಿ ಕೇಳಿ ಸಂಸ್ಕೃತದಲ್ಲಿ ದಾಖಲಾಯಿತು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಕಲ್ಯಾಣದಲ್ಲಿ ಅಂಬಿಗ, ಹಗ್ಗ ಹೊಸೆಯುವವ, ಕಟ್ಟಿಗೆ ಹೊರುವವ ತಮ್ಮ ತಮ್ಮ ಕಾಯಕದ ಹೆಸರು ಹೊತ್ತೇ ಮಾತಾಡತೊಡಗಿದರು. ಕಿನ್ನರಿ ಬ್ರಹ್ಮಯ್ಯ ಮೂಲತಃ ಅಕ್ಕಸಾಲಿಗನೆಂದು ಶರಣರ ಕಥೆಗಳು ಹೇಳುತ್ತವೆ. ಅರಗು ತುಂಬುವ ಕೈಗಳು ಅನುಭವ ಮಂಟಪದ ಮಾತಿನಿಂದ ದೂರವಿರಲಿಲ್ಲ.

1925ರಲ್ಲಿ ಬರೋಡದಿಂದ, 1926ರಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದನೆಯಲ್ಲಿ ಮೈಸೂರಿನಿಂದ ಈ ಗ್ರಂಥದ ಮೊದಲ ಭಾಗಗಳು ಅಚ್ಚಾದವು. ಮೈಸೂರಿನದಕ್ಕೆ ಅಭಿಲಷಿತಾರ್ಥ ಚಿಂತಾಮಣಿ ಎಂಬ ಇನ್ನೊಂದು ಹೆಸರು. 1936ರಲ್ಲಿ ಎಸ್. ಕೆ. ಸರಸ್ವತಿ ಎರಕದ ಶ್ಲೋಕಗಳನ್ನು ಇಂಗ್ಲಿಷಿಗೆ ತಂದು ವಿವರಿಸಿದ ಮೇಲೆ ಲೋಹಶಿಲ್ಪದ ಚರಿತ್ರೆ ಬರೆಯುವವರೆಲ್ಲ ಅವನ್ನು ಬಳಸುತ್ತ ಬಂದಿದ್ದಾರೆ. ಚೋಳ ಕಂಚುಗಳನ್ನು ವಿವರಿಸಲು ಕಲ್ಯಾಣದ ಪಠ್ಯ ಬೇಕಾಗುತ್ತದೆ, ಕಲ್ಯಾಣದ ವಚನವನ್ನು ವಿವರಿಸಲು ಅದನ್ನು ಯಾರೂ ಮುಟ್ಟುವುದಿಲ್ಲ.

ಆ ಇಪ್ಪತ್ತು ಶ್ಲೋಕಗಳನ್ನು ಈಗ ಕನ್ನಡಕ್ಕೆ ಮಾಡಿಕೊಳ್ಳುತ್ತಿದ್ದೇನೆ, ಪ್ರಬಂಧದ ಅನುಬಂಧಕ್ಕೆಂದು. ಮೊದಲ ತೊಡಕು ಎರಕ ಎಂಬ ಪದದಲ್ಲೇ. ಅದರೊಳಗಿನ ‘ಎರೆ’ ನಮ್ಮ ಕಡೆ ದಿನನಿತ್ಯದ ಮಾತು. ಪಂಚಮಿಗೆ ನಾಗಪ್ಪಗೆ ಹಾಲು ಎರೆಯುತ್ತಾರೆ, ಹಬ್ಬದ ದಿನ ತಲೆಗೆ ಎರಕೊಳ್ಳುತ್ತಾರೆ. ಕಲ್ಲನಾಗರಕ್ಕೆ ಹಾಲು ಹಾಕುವವರನ್ನು ಬಸವಣ್ಣನವರು ಕೆಣಕುವ ವಚನದಲ್ಲೂ ಇದೇ ಕ್ರಿಯಾಪದ. ದೇವರ ಮೇಲೆ ಎರೆಯುವುದು, ದೇವರನ್ನೇ ಎರೆಯುವುದು, ಎರಡಕ್ಕೂ ಕನ್ನಡದಲ್ಲಿ ಒಂದೇ ಪದ. 

ಎರಡನೆಯ ತೊಡಕು ಆ ‘ಬೇಕು’ಗಳದು. ‘ಲೇಪಿಸತಕ್ಕದ್ದು’ ಎಂದು ಬರೆದರೆ ಸರಕಾರಿ ಸುತ್ತೋಲೆಯಾಗುತ್ತದೆ. ‘ಬಳಿಯಬೇಕು’ ಎಂದರೆ ಮತ್ತೆ ರಾಜನೇ ಬಂದು ನಿಲ್ಲುತ್ತಾನೆ. ಹಾಗಾಗಿ ಒಂದು ಕರಡನ್ನು ಕಂಚುಗಾರನ ಬಾಯಿಂದ, ನಮ್ಮ ಕಡೆಯ ಮಾತಿನಲ್ಲೇ ಮಾಡಿ ನೋಡಿದೆ: “ಮೊದಲನೇ ಮಣ್ಣು ತೆಳ್ಳಗ ಬಳೀತೀವಿ. ನೆಳ್ಳಾಗ ಆರಲಿಕ್ಕೆ ಬಿಡ್ತೀವಿ. ಎರಡು ದಿನ ಮುಟ್ಟಂಗಿಲ್ಲ. ಮೇಣ ಮಾತ್ರ ಮೊದಲೇ ತೂಗಿರ್ತೀವಿ, ಆಮ್ಯಾಲ ಅದು ಸಿಗಂಗಿಲ್ಲ.” ಕೊನೆಯ ಮೂರು ಪದ ಮೂಲದಲ್ಲಿಲ್ಲ. ಮಾರ್ಗದರ್ಶಕರು ತೆಗೆಯಲು ಹೇಳಿದ್ದಾರೆ. ಪತ್ತಾರರಿಗೆ ಓದಿ ತೋರಿಸಿದಾಗ ಅವರು ಅಷ್ಟನ್ನೇ ಹಿಡಿದು ತಲೆಯಾಡಿಸಿದರು. ಸದ್ಯಕ್ಕೆ ಪೆನ್ಸಿಲಿನಲ್ಲಿ ಆವರಣ ಹಾಕಿಟ್ಟಿದ್ದೇನೆ.